ಶಾಲೆಯ ಕತ್ತಿ ಯಾರ ಕೈಗೆ?

ದೊಡ್ಡ ಖಾಸಗಿ ಶಾಲೆಗಳ ಪರಿಚಯ ಪುಸ್ತಿಕೆಗಳನ್ನು ನೋಡಿದ್ದೀರಾ? ಈಜುಕೊಳ, ಕುದುರೆ ಸವಾರಿಗಳ ಸಾಲಿನಲ್ಲಿ ಕೆಲವೆಡೆ ಈಗ ಫೆನ್ಸಿಂಗ್ ಕೂಡ ಸೇರಿದೆ. ಫೆನ್ಸಿಂಗ್ ಎಂದರೆ ಕತ್ತಿವರಸೆ. ಹೆದರಬೇಕಾಗಿಲ್ಲ. ಕತ್ತಿಗೆ ಹರಿತವಿಲ್ಲ, ಮುಖಕ್ಕೆ ಜಾಲರಿಯ ರಕ್ಷಣೆಯಿದೆ, ಮೈತುಂಬಾ ದಪ್ಪನೆಯ ಉಡುಪಿದೆ. ಫಾಯಿಲ್, ಎಪೆ, ಸೇಬರ್ ಎಂದು 3 ಬಗೆಯ ಕತ್ತಿಗಳು. ಎದುರಾಳಿಗೆ ಕತ್ತಿ ತಾಗಿದರೆ ವಿದ್ಯುತ್ ದೀಪ ಹೊತ್ತಿಕೊಳ್ಳುತ್ತದೆ. ಆದರೆ ಈ ಸಾಮಗ್ರಿಗಳೆಲ್ಲ ದುಬಾರಿ. ಹಾಗಾಗಿಯೇ ಬಹುಕಾಲ ಇದು ಉಳ್ಳವರ ಆಟವಾಗಿತ್ತು.

ಈ ಮಾತನ್ನು ಸುಳ್ಳಾಗಿಸಿದವರೂ ಇದ್ದಾರೆ. ಅಮೆರಿಕದ ನೆವಾರ್ಕ್ ನಗರದ ಬಡವರ ವಸತಿಯಲ್ಲಿ ಜಪಾನ್ ಮೂಲದ ತಾಯಿಯೊಬ್ಬರು ಒಂಟಿಯಾಗಿ ಮಕ್ಕಳನ್ನು ಸಾಕುತ್ತಿದ್ದರು. ಮಗ ಪೀಟರ್ ವೆಸ್ಟ್‌ಬ್ರೂಕ್ ಓದುತ್ತಿದ್ದುದು ಎಸೆಕ್ಸ್ ಕ್ಯಾಥೊಲಿಕ್ ಎಂಬ ಖಾಸಗಿ ಪ್ರೌಢಶಾಲೆಯಲ್ಲಿ. ಅಲ್ಲಿ ಫೆನ್ಸಿಂಗ್ ತಂಡವಿತ್ತು. ಹುಡುಗನಿಗೆ ಮನಸ್ಸಿರಲಿಲ್ಲ. ಒಮ್ಮೆ ಹೋಗಿ ನೋಡಿದರೆ 5 ಡಾಲರ್ ಕೊಡುವುದಾಗಿ ತಾಯಿ ಆಸೆ ತೋರಿಸಿದರು. ಆ ಕತ್ತಿಯೇ ಅವರಿಗೆ ನ್ಯೂಯಾರ್ಕ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿವೇತನ ತಂದುಕೊಟ್ಟಿತು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಸೇಬರ್ ವಿಭಾಗದ ಕಂಚಿನ ಪದಕವೂ ಬಂತು.

ವೆಸ್ಟ್‌ಬ್ರೂಕ್ ಅಷ್ಟಕ್ಕೇ ತೃಪ್ತರಾಗಲಿಲ್ಲ. 1991ರಲ್ಲಿ ತಮ್ಮ ಹೆಸರಿನ ಪ್ರತಿಷ್ಠಾನ ಸ್ಥಾಪಿಸಿ ನಗರದ ಬಡ ಮಕ್ಕಳಿಗೆ ಕತ್ತಿ ಹಿಡಿಸಿದರು. ಮುಂದೆ ಅಲ್ಲಿ ತರಬೇತಿ ಪಡೆದವರಲ್ಲಿ ಇಬ್ತಿಹಾಜ್ ಮುಹಮ್ಮದ್ ಒಬ್ಬರು. ಅವರು ಓದಿದ ಸರಕಾರಿ ಶಾಲೆಯಲ್ಲೂ ಫೆನ್ಸಿಂಗ್ ತಂಡವಿತ್ತು. ಮೈಪೂರ್ತಿ ಮುಚ್ಚುವ ಆ ಉಡುಪನ್ನು ಕಂಡ ತಾಯಿಗೆ ಮಗಳಿಗೆ ಒಪ್ಪುವ ಆಟ ಸಿಕ್ಕಿತೆನಿಸಿತು. 2016ರಲ್ಲಿ ರಿಯೋದಲ್ಲಿ ಹಿಜಾಬ್ ಧರಿಸಿಯೇ ಆಡಿದ ಇಬ್ತಿಹಾಜ್, ತಂಡದೊಂದಿಗೆ ಕಂಚು ಗೆದ್ದರು.

ನಮ್ಮ ನೆರೆಯ ಚೆನ್ನೈಯ ಭವಾನಿ ದೇವಿಯವರೂ ಶಾಲೆಯಲ್ಲೇ ಈ ಆಟ ಕಲಿತವರು. ಆರಂಭದ ಅಭ್ಯಾಸ ಬಿದಿರಿನ ಕೋಲಿನಲ್ಲಿ! 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ಗೆ ಹೋದಾಗ ಅವರು ಒಲಿಂಪಿಕ್ಸ್‌ನಲ್ಲಿ ಆಡಿದ ಭಾರತದ ಮೊದಲ ಫೆನ್ಸರ್ ಎನಿಸಿದರು.

ಈ ಮೂವರಲ್ಲೂ ಪ್ರತಿಭೆಯಿತ್ತು, ನಿಜ. ಆದರೆ ಶಾಲೆಯಲ್ಲಿ ಆ ಆಟವೇ ಇರದಿದ್ದರೆ ಪ್ರತಿಭೆ ಇದೆಯೆಂದು ಗೊತ್ತಾಗುವುದಾದರೂ ಹೇಗೆ?

ಆದ್ದರಿಂದ ಹೆತ್ತವರೇ, ಪುಸ್ತಿಕೆಯ ಬಣ್ಣದ ಚಿತ್ರಕ್ಕೆ ಮರುಳಾಗಬೇಡಿ. ಕಲಿಸುವವರು ಯಾರು? ವಾರಕ್ಕೆ ಎಷ್ಟು ದಿನ? ಸ್ಪರ್ಧೆಗಳಿಗೆ ಕರೆದೊಯ್ಯುತ್ತಾರೆಯೇ? ಹೆಣ್ಣು ಮಕ್ಕಳಿಗೂ ಅವಕಾಶವಿದೆಯೇ? ಇಷ್ಟನ್ನು ಕೇಳಿ. ಶಾಲೆ ನಡೆಸುವವರಿಗೂ ಒಂದು ವಿನಂತಿ: ನಾಲ್ಕು ಜೊತೆ ಕತ್ತಿ, ಉಡುಪುಗಳನ್ನು ಶಾಲೆಯ ವತಿಯಿಂದಲೇ ಇಡಿ. ಕೊಳ್ಳಲಾಗದ ಮಗುವೂ ಒಮ್ಮೆ ಅದನ್ನು ತೊಟ್ಟು ನೋಡಲಿ.