ಆ ಹೆಸರು ಚೆಂದ ಅಂತ ಬಾಯಿಬಿಟ್ಟು ಹೇಳಿ

ಮತ್ತೋಡಿನವರಲ್ಲಿ, ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಸೀಮೆಯ ಎಲ್ಲರಲ್ಲಿ ಒಂದು ಮನವಿ. ಬ್ಯಾಂಕಿನಲ್ಲೋ ಆಸ್ಪತ್ರೆಯಲ್ಲೋ ‘ತಿಪ್ಪಮ್ಮ’ ಎಂದು ಕೂಗಿದರೆ ಹಿಂದೆ ನಿಂತ ಹುಡುಗರು ಕಿಸಕ್ಕನೆ ನಗುತ್ತಾರೆ. ಅಜ್ಜಿ ಸೆರಗು ಎಳೆದುಕೊಂಡು ತಲೆ ತಗ್ಗಿಸುತ್ತಾಳೆ. ಅಲ್ಲಿ ನೀವಿದ್ದರೆ ಸುಮ್ಮನಿರಬೇಡಿ. “ಏನ್ ಚೆಂದ ಐತೆ ಕಣಜ್ಜಿ ನಿನ್ನೆಸ್ರು! ಯಾರಿಟ್ರು?” ಎಂದು ನಾಲ್ಕು ಜನಕ್ಕೆ ಕೇಳುವಂತೆ ಹೇಳಿ.

ನಮ್ಮ ಕಡೆ ತಿಪ್ಪಮ್ಮ, ತಿಪ್ಪಣ್ಣ, ತಿಪ್ಪೇಸ್ವಾಮಿ ಎಂದರೆ ಹೆಚ್ಚಾಗಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗೆ ಹೊತ್ತ ಹರಕೆ. ಬರದ ಸೀಮೆಯಲ್ಲಿ ಕೆರೆ ಕಟ್ಟಿಸಿದ ಪುಣ್ಯಾತ್ಮ ಎಂದು ಜನ ಇಂದಿಗೂ ನೆನೆಯುವ ಹೆಸರದು. ಇನ್ನು ಕೆಲವು ಮನೆಗಳಲ್ಲಿ ಕತೆ ಬೇರೆ. ಹೆತ್ತ ಕೂಸುಗಳು ಒಂದರ ಹಿಂದೊಂದು ಮಣ್ಣಾದ ಮೇಲೆ, ಈ ಒಂದಾದರೂ ಉಳಿಯಲಿ ಎಂದು ಮಗುವನ್ನು ತಿಪ್ಪೆಯ ಮೇಲೆ ಹೊರಳಿಸಿ, ಸಾವು ಕೂಡ ಕಣ್ಣೆತ್ತಿ ನೋಡದಂಥ ಹೆಸರಿಡುತ್ತಿದ್ದರು. ಎಷ್ಟೋ ಗುಂಡಪ್ಪ, ಕಲ್ಲಪ್ಪಂದಿರ ಹಿಂದೆಯೂ ಇದೇ ಸಂಕಟವಿದೆ. ಸಿಡುಬು, ಪ್ಲೇಗುಗಳ ಕಾಲದ ತಾಯಿಯ ಕೈಲಿ ಬೇರೆ ಔಷಧ ಏನಿತ್ತು? ಆ ಹೆಸರಿಗೆ ನಕ್ಕರೆ ನಗುವುದು ಅವಳ ಕಣ್ಣೀರಿಗೆ.

ಕೋಟೆ ಕಾದ ಒನಕೆ ಓಬವ್ವನನ್ನು ನೋಡಿ. ಚಿತ್ರದುರ್ಗದ ಕ್ರೀಡಾಂಗಣಕ್ಕೆ ಅವಳ ಹೆಸರಿದೆ. 2021ರಿಂದ ಪ್ರತಿ ನವೆಂಬರ್ 11ಕ್ಕೆ ಸರ್ಕಾರವೇ ಅವಳ ಜಯಂತಿ ಮಾಡುತ್ತದೆ. ಆದರೆ ತೊಟ್ಟಿಲ ಮುಂದೆ ನಿಂತು ಕೂಸಿನ ಕಿವಿಯಲ್ಲಿ ‘ಓಬವ್ವ’ ಎನ್ನಲು ನಮಗೆ ನಾಲಿಗೆ ಏಳುವುದಿಲ್ಲ. ಭಾಷಣಕ್ಕೆ ಬೇಕಾದ ಹೆಸರು ಮಗಳಿಗೆ ಏಕೆ ಬೇಡ?

ಕಾಡುಗೊಲ್ಲರ ಹಟ್ಟಿಗಳಲ್ಲಿ ಗಣೆ ಊದಿ ತಮ್ಮ ದೈವ ಜುಂಜಪ್ಪನ ಕಥೆ ಹಾಡುತ್ತಾರೆ; ಅದೇ ಹಟ್ಟಿಯ ಹುಡುಗ ಪೇಟೆಯ ಕಾಲೇಜಿನಲ್ಲಿ ತನ್ನ ಹೆಸರು ಜುಂಜಪ್ಪ ಎನ್ನಲು ಹಿಂಜರಿಯುತ್ತಾನೆ. ನಾಚಿಕೆ ಅವನು ಹುಟ್ಟುವಾಗ ತಂದದ್ದಲ್ಲ. ನಾವು ನಕ್ಕು ನಕ್ಕು ಅಂಟಿಸಿದ್ದು. ಹಾಗಾಗಿ ಬಿಡಿಸಬೇಕಾದವರೂ ನಾವೇ.

ಒಂದು ಎಚ್ಚರ ಇರಲಿ. ಕೇರಿಯ ಮಕ್ಕಳು ಒಳ್ಳೆಯ ಹೆಸರಿಟ್ಟುಕೊಳ್ಳಲು ಮೇಲಿನವರು ಬಿಡದೆ, ಕೀಳು ಹೆಸರು ಹೊರಿಸಿದ್ದೂ ಉಂಟು. ಅಂಥದ್ದನ್ನು ಕಿತ್ತೊಗೆದವರು ನ್ಯಾಯವಾದದ್ದನ್ನೇ ಮಾಡಿದ್ದಾರೆ. ಅವರು ಆರಿಸಿಕೊಂಡ ಹೆಸರನ್ನೇ ಗೌರವದಿಂದ ಕರೆಯಿರಿ, ಹಳೆಯದನ್ನು ಕೆದಕಬೇಡಿ.

ಮೇಷ್ಟ್ರುಗಳೇ, ಮೇಡಮ್ಮುಗಳೇ, ಹಾಜರಿ ಕೂಗುವಾಗ ಮರುಳಸಿದ್ದಪ್ಪ ಎಂಬುದನ್ನು ‘ಎಂ. ಸಿದ್ದು’ ಮಾಡಬೇಡಿ. ಪೂರ್ತಿ ಕೂಗಿ, ಒಳ್ಳೆಯ ಹೆಸರಪ್ಪಾ ಎನ್ನಿ. ಹತ್ತನೇ ತರಗತಿ ಮುಗಿಯುವ ಮೊದಲು ಹೆಸರು ಬದಲಿಸಬೇಕೆಂದು ಬರುವ ಮಕ್ಕಳನ್ನು ಏಕೆಂದು ಕೇಳಿ; ಗೆಳೆಯರ ಗೇಲಿಯೇ ಕಾರಣವಾದರೆ ಮೊದಲು ಗೇಲಿ ನಿಲ್ಲಿಸಿ.

ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರಾದ ಊರು. ಆ ಕುಲುಮೆಗಳನ್ನು ಮತ್ತೆ ಹೊತ್ತಿಸುವುದು ಸುಲಭವಲ್ಲ. ಆದರೆ ಹೆಸರು ಉಳಿಸಲು ಕಾಸು ಖರ್ಚಿಲ್ಲ. ಮೊಮ್ಮಗಳಿಗೆ ನಿಮಗಿಷ್ಟವಾದ ಹೊಸ ಹೆಸರಿಡಿ, ಜೊತೆಗೆ ಅಜ್ಜಿಯದನ್ನೂ ಸೇರಿಸಿ, ದಾಖಲೆಯಲ್ಲೂ ಬರೆಸಿ. ಈ ವಾರ ಸಂತೆಯಲ್ಲಿ ಸಿಕ್ಕ ಹಿರಿಯರ ಹೆಸರು ಕೇಳಿ, ಚೆನ್ನಾಗಿದೆ ಎನ್ನಿ. ಮನೆಯ ಅಜ್ಜ ಅಜ್ಜಿಯರ ಹೆತ್ತವರ ಹೆಸರುಗಳನ್ನು, ಯಾರು ಯಾವ ಹರಕೆಗೆ ಇಟ್ಟರೆಂಬುದರ ಸಮೇತ, ಹೇಳುವವರು ಇರುವಾಗಲೇ ಒಂದು ಪುಸ್ತಕದಲ್ಲಿ ಬರೆದಿಡಿ.