ಕಿವಿ ನೋವಲ್ಲ, ಹಲ್ಲು ನೋವೂ ಅಲ್ಲ: ದವಡೆ ಕೀಲಿನ ತೊಂದರೆಗೆ ಮೊದಲು ಎಲ್ಲಿಗೆ ಹೋಗಬೇಕು?

ಜಯನಗರ: 4ನೇ ಬ್ಲಾಕ್‌ನಿಂದ ಜೆ.ಪಿ. ನಗರದವರೆಗೆ ಒಂದು ಸುತ್ತು ಹಾಕಿದರೆ ಡೆಂಟಲ್ ಕ್ಲಿನಿಕ್ ಬೋರ್ಡ್‌ಗಳಿಗೆ ಬರವಿಲ್ಲ. ಆದರೂ ದವಡೆ ಕೀಲಿನ ತೊಂದರೆ ಇರುವವರು ಸರಿಯಾದ ಬಾಗಿಲು ತಟ್ಟುವಷ್ಟರಲ್ಲಿ ತಿಂಗಳುಗಳೇ ಕಳೆಯುವುದುಂಟು. ಕಿವಿ ನೋವು ಅಂತ ಇಎನ್‌ಟಿ ಡಾಕ್ಟರ್ ಹತ್ತಿರ, ತಲೆನೋವು ಅಂತ ಇನ್ನೊಬ್ಬರ ಹತ್ತಿರ, ಕೊನೆಗೆ ಹಲ್ಲು ಕೀಳಿಸಿಕೊಂಡರೂ ನೋವು ಹೋಗಲಿಲ್ಲ ಅನ್ನುವ ಪರಿಸ್ಥಿತಿ.

ಕಾರಣ ಸರಳ. ಈ ಕೀಲು ಇರುವುದು ಕಿವಿಯ ಮುಂದೆಯೇ. ದವಡೆಯನ್ನು ಎಳೆಯುವ ಸ್ನಾಯುಗಳು ಕೆನ್ನೆ, ಕಪಾಲದವರೆಗೂ ಹಬ್ಬಿವೆ. ಹಾಗಾಗಿ ತೊಂದರೆ ಒಂದು ಕಡೆ, ನೋವು ಇನ್ನೊಂದು ಕಡೆ.

ಗುರುತಿಸುವುದು ಹೇಗೆ?

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ. ನೋವಾಗುತ್ತದೆಯೇ? ದವಡೆ ಒಂದು ಕಡೆಗೆ ವಾಲುತ್ತದೆಯೇ? ಚಪಾತಿ ಅಗಿಯುವಾಗ, ಆಕಳಿಸುವಾಗ ಹಿಡಿದುಕೊಳ್ಳುತ್ತದೆಯೇ? ದೊಡ್ಡವರ ಬಾಯಿ ಸಾಮಾನ್ಯವಾಗಿ ಅವರದೇ 3 ಬೆರಳು ಹಿಡಿಯುವಷ್ಟು, ಅಂದರೆ ಸುಮಾರು 40 ಮಿ.ಮೀ. ತೆರೆಯಬೇಕು. ನೋವಿಲ್ಲದೆ ಬರೀ 'ಟಕ್' ಎಂಬ ಸದ್ದು ಬಂದರೆ ಚಿಕಿತ್ಸೆಯ ಅಗತ್ಯ ಇರುವುದಿಲ್ಲ.

ಬಾಯಿ ತೆರೆಯಲಾಗದ್ದೆಲ್ಲ ಕೀಲಿನ ತೊಂದರೆಯಲ್ಲ. ಅಡಿಕೆ, ಗುಟ್ಕಾ ಅಗಿಯುವವರಿಗೆ ಖಾರ ತಿಂದರೆ ಉರಿ, ಕೆನ್ನೆಯ ಒಳಭಾಗ ಬಿಗಿ ಅನ್ನಿಸಿದರೆ ಅದು ಸಬ್‌ಮ್ಯೂಕಸ್ ಫೈಬ್ರೋಸಿಸ್ ಇರಬಹುದು. ಮುಂದೆ ಕ್ಯಾನ್ಸರ್‌ಗೆ ತಿರುಗುವ ಅಪಾಯ ಅದಕ್ಕಿದೆ. ಮಗು ಗದ್ದ ತಾಗಿ ಬಿದ್ದಿದ್ದರೆ, ಹೊರಗಿನ ಗಾಯ ಒಣಗಿತು ಅಂತ ಸುಮ್ಮನಿರಬಾರದು. ಒಳಗೆ ಕೀಲು ಮುರಿದು, ನಂತರ ಬೆಸೆದುಕೊಂಡು ಬಾಯಿಯೇ ತೆರೆಯದಂತಾಗಬಹುದು.

ಖರ್ಚಿಗೆ ಮೊದಲು ಯೋಚಿಸಿ

ಬಹುತೇಕರಿಗೆ ಸರಳ ಕ್ರಮಗಳೇ ಸಾಕು: ಕೆಲ ದಿನ ಮೆತ್ತನೆಯ ಊಟ, ಬಿಸಿ ಶಾಖ, ಹಗಲಲ್ಲಿ ಹಲ್ಲು ಕಚ್ಚಿ ಕೂರುವ ಅಭ್ಯಾಸ ಬಿಡುವುದು, ದವಡೆಯ ವ್ಯಾಯಾಮ. ದೀರ್ಘಕಾಲದ ನೋವಿನ ಬಗ್ಗೆ 2023ರಲ್ಲಿ 'ಬಿಎಂಜೆ' ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ಮಾರ್ಗಸೂಚಿಯೂ ತಜ್ಞರ ಉಸ್ತುವಾರಿಯ ವ್ಯಾಯಾಮ, ಫಿಸಿಯೋಥೆರಪಿ, ಒತ್ತಡ ನಿಭಾಯಿಸುವ ಮನಶ್ಶಾಸ್ತ್ರೀಯ ಚಿಕಿತ್ಸೆಯನ್ನೇ ಮುಂದಿಟ್ಟಿದೆ. ತೆಗೆದು ಹಾಕುವ ಸ್ಪ್ಲಿಂಟ್‌ಗೂ ಅದು ಆದ್ಯತೆ ಕೊಟ್ಟಿಲ್ಲ. ಹಾಗಿರುವಾಗ ಹಲ್ಲು ಉಜ್ಜಿ ಕಚ್ಚುವಿಕೆ ಬದಲಿಸುವಂಥ, ಹಿಂದಕ್ಕೆ ತರಲಾಗದ ಚಿಕಿತ್ಸೆಗೆ ಮೊದಲ ಭೇಟಿಯಲ್ಲೇ ಒಪ್ಪಬೇಕಿಲ್ಲ. ಇನ್ನೊಬ್ಬರ ಅಭಿಪ್ರಾಯ ಕೇಳುವುದು ರೋಗಿಯ ಹಕ್ಕು.

ಮೊದಲು ಕೇಳಬೇಕಾದ ವಿಭಾಗ 'ಓರಲ್ ಮೆಡಿಸಿನ್'. ಡೆಂಟಲ್ ಕಾಲೇಜುಗಳಲ್ಲಿ ಈ ವಿಭಾಗ ಇರುತ್ತದೆ. ಹತ್ತಿರದಲ್ಲೇ ಜೆ.ಪಿ. ನಗರದ ಆರ್.ವಿ. ಡೆಂಟಲ್ ಕಾಲೇಜು ಇದೆ. ವಿಕ್ಟೋರಿಯಾ ಆಸ್ಪತ್ರೆ ಬಳಿಯ ಸರ್ಕಾರಿ ದಂತ ಕಾಲೇಜಿಗೆ ಹಸಿರು ಮಾರ್ಗದ ಮೆಟ್ರೋದಲ್ಲಿ ಕೆ.ಆರ್. ಮಾರ್ಕೆಟ್‌ಗೆ ಇಳಿದರಾಯಿತು.

ಒಂದು ಎಚ್ಚರಿಕೆ: ದವಡೆ ನೋವಿನ ಜತೆ ಎದೆ ಬಿಗಿತ, ಬೆವರು, ಉಸಿರಾಟದ ತೊಂದರೆ ಇದ್ದರೆ ಡೆಂಟಲ್ ಕ್ಲಿನಿಕ್ ಹುಡುಕಬೇಡಿ. ಅದು ಹೃದಯಾಘಾತವೂ ಇರಬಹುದು. ತಡಮಾಡದೆ ಜಯದೇವಕ್ಕೆ ಅಥವಾ ಹತ್ತಿರದ ತುರ್ತು ಘಟಕಕ್ಕೆ ಹೋಗಿ.