ಹಕ್ಕಿ ಕಾಯುವ ಕೆಲಸ

ಕಳೆದ ವರ್ಷ ದೀರ್ಘ ರಜೆ ಪಡೆದು ಆಸ್ಟ್ರೇಲಿಯಾದ ಪಶ್ಚಿಮ ತೀರದ ಪರ್ತ್ ನಗರದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಹಿಂದಿರುಗುವ ಮುನ್ನ ನಾಲ್ಕು ದಿನ ಪೂರ್ವದ ಮೆಲ್ಬರ್ನ್‌ಗೆ ಹೋಗಿ ಬಂಧುಗಳನ್ನೂ ಕಂಡುಬಂದೆ. ಅಲ್ಲಿಯ ರೈಲು ನಿಲ್ದಾಣದ ಹೊರಗೆ ಕುಳಿತಿದ್ದಾಗ ಕಾಲ ಬಳಿ ಬಂದು ಬ್ರೆಡ್ಡಿನ ಚೂರು ಹೆಕ್ಕಿದ್ದು ಒಂದು ಗೊರವಂಕ. ಅದೇ ಹಳದಿ ಕೊಕ್ಕು, ಅದೇ ಠೀವಿಯ ನಡಿಗೆ. ಪರಸ್ಥಳದಲ್ಲಿ ನಮ್ಮೂರಿನವರೊಬ್ಬರು ಸಿಕ್ಕಷ್ಟು ಹಿಗ್ಗಾಯಿತು. ಜೊತೆಗಿದ್ದ ಅಣ್ಣನ ಮಗ ನಕ್ಕ: “ಕಾಕಾ, ಇದನ್ನು ಕಂಡು ಇಲ್ಲಿ ಯಾರೂ ಹಿಗ್ಗುವುದಿಲ್ಲ. ಬೋನು ಇಡುತ್ತಾರೆ.” ಆಗ ನೆನಪಾಯಿತು: ಪರ್ತ್‌ನಲ್ಲಿ ಮೂರು ವಾರವಿದ್ದರೂ ನಾನು ಒಂದೇ ಒಂದು ಗೊರವಂಕವನ್ನೂ ಕಂಡಿರಲಿಲ್ಲ, ಅದರ ದಾಯಾದಿಯಾದ ಸ್ಟಾರ್ಲಿಂಗ್ ಹಕ್ಕಿಯನ್ನೂ ಕಂಡಿರಲಿಲ್ಲ. ಮೆಲ್ಬರ್ನ್‌ನಲ್ಲಿ ಎರಡೂ ಧಾರಾಳ. ಒಂದೇ ದೇಶದ ಎರಡು ನಗರಗಳ ನಡುವೆ ಈ ವ್ಯತ್ಯಾಸವೇಕೆಂದು ವಿಚಾರಿಸಿದಾಗ ತಿಳಿದ ಸಂಗತಿಯನ್ನು ವಾಚಕರ ಮುಂದಿಡಬಯಸುತ್ತೇನೆ.

ಈ ಹಕ್ಕಿಗಳು ತಾವಾಗಿ ಸಮುದ್ರ ದಾಟಿ ಹೋದವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ನೆಲೆಸಿದ ಇಂಗ್ಲಿಷರು, ಹೊಸ ನಾಡು ಹಳೆಯ ನಾಡಿನಂತೆ ಕಾಣಲಿ ಎಂಬ ಹಂಬಲದಿಂದಲೂ ಪೈರಿನ ಹುಳುಗಳನ್ನು ತಿನ್ನಲಿ ಎಂಬ ಲೆಕ್ಕಾಚಾರದಿಂದಲೂ ಹಡಗುಗಳಲ್ಲಿ ಪಂಜರಗಳನ್ನು ತರಿಸಿಕೊಂಡರು. ಸ್ಟಾರ್ಲಿಂಗ್ ಬಂದದ್ದು ಅವರ ತವರಿನಿಂದ. ತರಕಾರಿ ತೋಟಗಳ ಕೀಟ ನಿವಾರಣೆಗೆಂದು 1862ರಲ್ಲಿ ಗೊರವಂಕ ಮೆಲ್ಬರ್ನ್‌ಗೆ ಬಂತು. 1883ರಲ್ಲಿ ಉತ್ತರ ಕ್ವೀನ್ಸ್‌ಲ್ಯಾಂಡಿನ ಕಬ್ಬಿನ ಸೀಮೆಗೂ ಹೋಯಿತು. ಕೀಟಗಳು ಉಳಿದವು, ಹಕ್ಕಿಗಳೂ ಉಳಿದವು. ಅಷ್ಟಕ್ಕೆ ಬುದ್ಧಿ ಕಲಿಯದೆ ಅದೇ ಸೀಮೆಗೆ 1935ರಲ್ಲಿ, ಅದೇ ಕಬ್ಬಿನ ಕೀಟದ ನೆಪದಲ್ಲಿ, ಅಮೆರಿಕಾ ಖಂಡದ ನೆಲಗಪ್ಪೆಯನ್ನೂ ತಂದು ಬಿಟ್ಟರು. ಅದರ ಹಾವಳಿ ಇಂದಿಗೂ ನಿಂತಿಲ್ಲ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ತಜ್ಞರು 2000ದಲ್ಲಿ ಹೊರತಂದ, ಪರನೆಲದಲ್ಲಿ ಅತಿ ಹೆಚ್ಚು ಹಾನಿ ಮಾಡುವ ನೂರು ಜೀವಿಗಳ ಪಟ್ಟಿಯಲ್ಲಿ ಹಕ್ಕಿಗಳು ಮೂರೇ: ಸ್ಟಾರ್ಲಿಂಗ್, ಗೊರವಂಕ ಮತ್ತು ನಮ್ಮ ಹಿತ್ತಲ ಪಿಕಳಾರ. ಮೂರರಲ್ಲಿ ಎರಡು ನಮ್ಮ ನೆಲದವು ಎಂಬುದು ಹೆಮ್ಮೆಯ ವಿಷಯವೂ ಅಲ್ಲ, ನಾಚಿಕೆಯ ವಿಷಯವೂ ಅಲ್ಲ. ಅವನ್ನು ಒಯ್ದು ಬಿಟ್ಟದ್ದು ಮನುಷ್ಯನ ಕೈ.

ಹಕ್ಕಿಯ ಹಿಂಡು ರೈತನಿಗೆ ಏನು ಮಾಡಬಲ್ಲದೆಂಬುದನ್ನು ನನಗೆ ಪುಸ್ತಕ ತಿಳಿಸಬೇಕಾಗಿಲ್ಲ. ಆಗಿನ ಬಿಜಾಪುರ ಜಿಲ್ಲೆಯ ನಮ್ಮ ಹೊಲದಲ್ಲಿ ಬಿಳಿಜೋಳ ಹಾಲುದುಂಬುವ ದಿನಗಳಲ್ಲಿ ಶಾಲೆ ತಪ್ಪಿಸಿ ಅಟ್ಟದ ಮೇಲೆ ನಿಂತು ಕವಣೆ ಬೀಸಿದವನು ನಾನು. ಗುಲಾಬಿ ಕಬ್ಬಕ್ಕಿಯ ಹಿಂಡು ಮೋಡದಂತೆ ಇಳಿಯುತ್ತಿತ್ತು. ಒಂದು ಗಳಿಗೆ ಮೈಮರೆತರೆ ಒಂದು ಸಾಲಿನ ತೆನೆ ಬರಿದು. ಆದರೆ ಕಬ್ಬಕ್ಕಿ ಅತಿಥಿ. ಬೇಸಿಗೆ ಬಲಿಯುವ ಹೊತ್ತಿಗೆ ಮಧ್ಯ ಏಷ್ಯಾಕ್ಕೆ ಮರಳಿ, ಅಲ್ಲಿ ಮಿಡತೆ ತಿಂದು ಮರಿ ಸಾಕುತ್ತದೆ. ಇದಕ್ಕೆ ಬದಲಾಗಿ ಸ್ಟಾರ್ಲಿಂಗ್ ಆಸ್ಟ್ರೇಲಿಯಾದಲ್ಲಿ ಮರಳಿ ಹೋಗುವ ಹಕ್ಕಿಯಲ್ಲ. ಒಂದೊಂದು ಜೋಡಿ ವರ್ಷಕ್ಕೆ ಎರಡು ಸಲ, ಸಲಕ್ಕೆ ನಾಲ್ಕಾರು ಮೊಟ್ಟೆ ಇಡಬಲ್ಲದು. ದ್ರಾಕ್ಷಿ, ಅಂಜೂರ, ಚೆರ್ರಿ ಹಣ್ಣುಗಳನ್ನು ಕುಕ್ಕಿ ಕೆಡಿಸುತ್ತದೆ; ಮೊಳೆತ ಗೋಧಿಯನ್ನು ಕಿತ್ತು ತಿನ್ನುತ್ತದೆ; ದನಗಳ ಮೇವಿಗೆ ಬಾಯಿ ಹಾಕಿ ಹಿಕ್ಕೆಯಿಂದ ಹೊಲಸು ಮಾಡುತ್ತದೆ; ಅಲ್ಲಿಯ ಗಿಳಿಗಳು ಗೂಡು ಕಟ್ಟುವ ಮರದ ಪೊಟರೆಗಳನ್ನು ಆಕ್ರಮಿಸುತ್ತದೆ.

ದೇಶದ ಪೂರ್ವಭಾಗವನ್ನೆಲ್ಲ ವ್ಯಾಪಿಸಿದ ಈ ಹಕ್ಕಿ ಪಶ್ಚಿಮದಲ್ಲಿ ಏಕೆ ನೆಲೆಯೂರಿಲ್ಲ? ಮೊದಲ ಕಾರಣ ಭೂಗೋಳ. ನಡುವೆ ಸುಮಾರು ಎರಡು ಲಕ್ಷ ಚದರ ಕಿ.ಮೀ. ಹರಡಿರುವ, ಮರವಿಲ್ಲದ ನಲ್ಲರ್‌ಬಾರ್ ಬಯಲಿದೆ. ಎರಡನೆಯ ಕಾರಣ ಮನುಷ್ಯರು. ಬಯಲನ್ನೇ ನಂಬಿ ಕೂರುವಂತಿರಲಿಲ್ಲ. ಏಕೆಂದರೆ ಕರಾವಳಿಯ ಅಂಚು ಹಿಡಿದು ಹಕ್ಕಿಗಳು ಆಗಾಗ ದಾಟಿ ಬರುತ್ತಲೇ ಇದ್ದವು. ಬೇಲಿಯನ್ನು ನಂಬುವುದರ ಪಾಡನ್ನು ಆ ರಾಜ್ಯ ಮೊದಲೇ ಕಂಡಿತ್ತು. ಮೊಲಗಳನ್ನು ತಡೆಯಲು 1901ರಿಂದ 1907ರವರೆಗೆ ಸುಮಾರು 1,800 ಕಿ.ಮೀ. ಉದ್ದದ ಬೇಲಿ ಹಾಕಿದರು. ಬೇಲಿ ಮುಗಿಯುವ ಮುನ್ನವೇ ಮೊಲಗಳು ಒಳಗಿದ್ದವು. ಹೀಗಾಗಿ ಸ್ಟಾರ್ಲಿಂಗಿನ ವಿಷಯದಲ್ಲಿ 1971ರಿಂದ ಕೃಷಿ ಇಲಾಖೆ ಕಾವಲಿಗೇ ನಿಂತಿತು. ಎಸ್ಪರೆನ್ಸ್ ಎಂಬ ಬಂದರು ಪಟ್ಟಣದ ಸುತ್ತಲಿನ ಗೋಧಿ, ಕುರಿಗಳ ಸೀಮೆಯಲ್ಲಿ ಕಾಣಿಸಿಕೊಂಡ ಸಣ್ಣ ಸಣ್ಣ ಗುಂಪುಗಳನ್ನು ಹುಡುಕಿ ತೆಗೆಯುವುದು ಅಂದಿನಿಂದ ನಡೆದು ಬಂದ ಕೆಲಸ.

ಅಪಾರವಾದ ಸೀಮೆಯಲ್ಲಿ ಹತ್ತಿಪ್ಪತ್ತು ಹಕ್ಕಿಗಳನ್ನು ಹುಡುಕುವುದು ಕೊಲ್ಲುವುದಕ್ಕಿಂತ ಕಷ್ಟ. ಮೊದಲು ರೈತರಿಗೆ ಹಕ್ಕಿಯ ಗುರುತು ಹೇಳಿಕೊಡಬೇಕು: ಮಿರುಗುವ ಕಪ್ಪು ಮೈ, ಅದರ ಮೇಲೆ ತಿಳಿ ಚುಕ್ಕೆ, ಮೋಟು ಬಾಲ, ಹಾರುವಾಗ ತ್ರಿಕೋನದಂತೆ ಕಾಣುವ ರೆಕ್ಕೆ. ಕಂಡವರು ಕೂಡಲೇ ತಿಳಿಸಬೇಕು. ಬಲೆ, ಬೋನುಗಳಲ್ಲಿ ಜೀವಂತ ಹಕ್ಕಿಯನ್ನಿಟ್ಟು ಉಳಿದವನ್ನು ಆಕರ್ಷಿಸುತ್ತಾರೆ. ನಮ್ಮ ಬೇಟೆಗಾರರ ದೀಹದ ಹಕ್ಕಿಯೂ ಇದೇ. ಈ ಶತಮಾನದ ಆರಂಭದಲ್ಲಿ ಮತ್ತೊಂದು ಉಪಾಯ ಬಂತು. ಹಿಡಿದ ಹಕ್ಕಿಗೆ ಪುಟ್ಟ ರೇಡಿಯೋ ಕಟ್ಟಿ ಬಿಟ್ಟರೆ, ಸಂಗ ಬಯಸುವ ಆ ಜೀವಿ ತನ್ನವರಿರುವೆಡೆಗೇ ಹೋಗುತ್ತದೆ, ಹಿಂದೆಯೇ ಸಿಬ್ಬಂದಿ. ಸ್ನೇಹಿತನಿಗೆ ದ್ರೋಹ ಬಗೆದ ಯೂದನ ಹೆಸರನ್ನೇ ಈ ವಿಧಾನಕ್ಕೆ ಇಟ್ಟಿದ್ದಾರೆ. ಹೆಸರಿನಲ್ಲಿರುವ ಅಳುಕನ್ನು ಗಮನಿಸಬೇಕು. ಮಾಡುತ್ತಿರುವುದು ಸುಖದ ಕೆಲಸವಲ್ಲ ಎಂಬುದು ಮಾಡುವವರಿಗೂ ತಿಳಿದಿದೆ.

ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ಪರ್ತ್ ನಗರವೇ ಸಾಕ್ಷಿ. 1960ರ ದಶಕದಲ್ಲಿ ಪಂಜರದಿಂದ ಹೊರಬಿದ್ದ ಬೆರಳೆಣಿಕೆಯ ಬಣ್ಣದ ಲೋರಿಕೀಟ್ ಗಿಳಿಗಳು ಇಂದು ಸಾವಿರಗಟ್ಟಲೆಯಾಗಿ ಹಣ್ಣಿನ ತೋಟಗಳಿಗೆ ಬೀಳುತ್ತಿವೆ. ಚೆಲುವಾದ ಹಕ್ಕಿಯೆಂದು ಆರಂಭದಲ್ಲಿ ಯಾರೂ ಲೆಕ್ಕಿಸಲಿಲ್ಲ. ಈಗ ಅದನ್ನು ಪೂರ್ತಿಯಾಗಿ ತೆಗೆಯುವ ಮಾತು ಯಾರಿಗೂ ಸುಲಭವಲ್ಲ.

ನನ್ನ ವಾದ ಇಷ್ಟೇ. ಇಂಥ ಪೀಡೆಯ ನಿಯಂತ್ರಣದಲ್ಲಿ ಕೊಲ್ಲುವ ಕೆಲಸಕ್ಕೆ ಪ್ರಚಾರ ಸಿಗುತ್ತದೆ, ಕಾಯುವ ಕೆಲಸಕ್ಕೆ ಸಿಗುವುದಿಲ್ಲ. ಆದರೆ ಉಪಯೋಗಕ್ಕೆ ಬರುವುದು ಕಾಯುವ ಕೆಲಸವೇ. ಮೂರು ದಶಕಗಳ ಸರಕಾರಿ ಸೇವೆಯ ಅನುಭವದಿಂದ ಹೇಳುತ್ತೇನೆ, ನಮ್ಮ ಕಡತಗಳಿಗೆ ‘ಶೂನ್ಯ’ ಎಂಬ ವರದಿಯನ್ನು ಓದಲು ಬರುವುದಿಲ್ಲ. ಹಿಂದೆ ನಾನಿದ್ದ ಕಚೇರಿಯೊಂದರಲ್ಲಿ ಬೆಳೆಪೀಡೆಗಳ ಮೇಲೆ ಕಣ್ಣಿಡುವ ಕೆಲವು ಕ್ಷೇತ್ರಸಿಬ್ಬಂದಿಯ ಹುದ್ದೆಗಳಿದ್ದವು. ಮೂರು ವರ್ಷ ಸತತವಾಗಿ ಅವರ ವರದಿ ‘ಶೂನ್ಯ’ವಾಗಿತ್ತು. ಮಿತವ್ಯಯದ ಆದೇಶ ಬಂದಾಗ ಮೊದಲು ರದ್ದಾದದ್ದು ಆ ಹುದ್ದೆಗಳೇ. ಟಿಪ್ಪಣಿಗೆ ಸಹಿ ಮಾಡಿದವರಲ್ಲಿ ನಾನೂ ಒಬ್ಬ. ಎರಡು ವರ್ಷಗಳ ಬಳಿಕ ಕೀಟ ಹೊಲಕ್ಕಿಳಿದಾಗ, ಅದು ಯಾವಾಗ, ಎಲ್ಲಿಂದ ಬಂತೆಂದು ಹೇಳಬಲ್ಲವರು ನಮ್ಮಲ್ಲಿ ಯಾರೂ ಉಳಿದಿರಲಿಲ್ಲ. ಆ ಶೂನ್ಯವು ಕೆಲಸವಿಲ್ಲದ್ದರ ಗುರುತಲ್ಲ, ಕೆಲಸದ ಫಲವೇ ಆಗಿತ್ತೆಂದು ಅಂದು ನನಗೆ ತೋಚಲಿಲ್ಲ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಪೀಡೆಗಳ ಹತೋಟಿಗೆಂದು ಭೂಮಾಲೀಕರಿಂದ ಕರ ವಸೂಲು ಮಾಡಿ, ಅಷ್ಟೇ ಹಣವನ್ನು ಸರಕಾರವೂ ಸೇರಿಸುವ ಏರ್ಪಾಡು 2007ರ ಕಾನೂನಿನಿಂದ ಆಗಿದೆ. ತನ್ನ ಹಣ ಹೋಗುವಲ್ಲಿ ರೈತನ ಕಣ್ಣೂ ಹೋಗುತ್ತದೆ. ನಾವು ಕಲಿಯಬೇಕಾದ್ದು ಇದನ್ನು.

ಪುಣೆಯಲ್ಲಿರುವ ಓದುಗರಿಗೆ ಹೆಚ್ಚು ಹೇಳಬೇಕಿಲ್ಲ. ನಾವು ಕಾಂಗ್ರೆಸ್ ಗಿಡವೆನ್ನುವ ಪಾರ್ಥೇನಿಯಂ ಸ್ವತಂತ್ರ ಭಾರತದಲ್ಲಿ ಹಬ್ಬುವ ಮುನ್ನ, 1950ರ ದಶಕದ ನಡುವಿನಲ್ಲಿ, ಕಣ್ಣಿಗೆ ಬಿದ್ದದ್ದು ಅವರ ಊರಿನಲ್ಲೇ. ಅಂದು ಕಿತ್ತೊಗೆಯಬಹುದಾಗಿದ್ದ ಗಿಡಕ್ಕೆ 1984ರಲ್ಲಿ ಬೆಂಗಳೂರಿನಲ್ಲಿ ಮೆಕ್ಸಿಕೋದ ಜೀರುಂಡೆಯನ್ನು ಬಿಡಬೇಕಾಯಿತು. ಗಿಡ ಇಂದಿಗೂ ನಮ್ಮ ಹೊಲದ ಬದುಗಳಲ್ಲಿದೆ.

ಹಾಗೆಂದು ಹಕ್ಕಿಯನ್ನು ಕಂಡಕಂಡಲ್ಲಿ ಹೊಡೆಯಬೇಕೆಂದು ಅರ್ಥವಲ್ಲ. ಚೀನಾ 1958ರಲ್ಲಿ ತನ್ನದೇ ನೆಲದ ಗುಬ್ಬಿಗಳ ಮೇಲೆ ಯುದ್ಧ ಹೂಡಿತು. ಗುಬ್ಬಿ ಏನೇನು ತಿನ್ನುತ್ತದೆಂದು ಮೊದಲು ನೋಡಲಿಲ್ಲ, ಕೀಟಗಳು ಹೆಚ್ಚಿದವು, 1960ರಲ್ಲಿ ಗುಬ್ಬಿಯ ಹೆಸರನ್ನು ಪಟ್ಟಿಯಿಂದ ತೆಗೆಯಬೇಕಾಯಿತು. ಎಣಿಸದೆ, ಗಮನಿಸದೆ ಕೊಲ್ಲುವುದು ಆಡಳಿತವಲ್ಲ, ಆವೇಶ. ತೊಡಕು ಇನ್ನೂ ಒಂದಿದೆ. ಆಸ್ಟ್ರೇಲಿಯಾದಲ್ಲಿ ಪೀಡೆಯಾದ ಇದೇ ಸ್ಟಾರ್ಲಿಂಗ್ ತನ್ನ ತವರಾದ ಬ್ರಿಟನ್ನಿನಲ್ಲಿ ಕ್ಷೀಣಿಸಿ, 2002ರಿಂದ ಅಲ್ಲಿಯ ಕೆಂಪು ಪಟ್ಟಿಯಲ್ಲಿದೆ. ಹಕ್ಕಿ ಕೆಟ್ಟದ್ದಲ್ಲ. ಅದನ್ನಿಟ್ಟ ಸ್ಥಳ ತಪ್ಪು.

ಕೊನೆಯದಾಗಿ, ಹೊರನಾಡಿನ ಕನ್ನಡಿಗನಾಗಿ ಒಂದು ಮಾತು. ‘ಹೊರಗಿನಿಂದ ಬಂದದ್ದು’, ‘ನುಸುಳಿದ್ದು’, ‘ಸ್ಥಳೀಯರ ಗೂಡು ಕಸಿದದ್ದು’ ಎಂಬ ಮಾತುಗಳನ್ನು ಬರೆಯುವಾಗ ನನ್ನ ಲೇಖನಿ ತಡವರಿಸುತ್ತದೆ. ಅರುವತ್ತರ ದಶಕದ ಮುಂಬಯಿಯಲ್ಲಿ ದಕ್ಷಿಣದವರ ವಿರುದ್ಧ ಎದ್ದ ಕೂಗನ್ನು ನಮ್ಮ ಹಿರಿಯರು ಕೇಳಿದ್ದರು. ಬಳಸಿದ ಶಬ್ದಗಳು ಹೆಚ್ಚುಕಡಿಮೆ ಇವೇ. ಹಕ್ಕಿಗೆ ಹೇಳಿದ ಮಾತನ್ನು ಮನುಷ್ಯರಿಗೆ ಹೇಳಕೂಡದು. ಮನುಷ್ಯ ಬಂದಲ್ಲಿಯ ಭಾಷೆ ಕಲಿಯುತ್ತಾನೆ, ಕರ ಕೊಡುತ್ತಾನೆ, ನೆರೆಯವನ ಸಾವಿಗೆ ಹೆಗಲು ಕೊಡುತ್ತಾನೆ. ಹಾಗೆಯೇ, ಮನುಷ್ಯರ ಮೇಲಿನ ಕನಿಕರವನ್ನು ಹಕ್ಕಿಗೆ ಹಚ್ಚಿ ರೈತನ ದ್ರಾಕ್ಷಿಯನ್ನೂ ಗಿಳಿಯ ಪೊಟರೆಯನ್ನೂ ಬಿಟ್ಟುಕೊಡುವುದು ಸರಿಯಲ್ಲ. ಎರಡನ್ನೂ ಬೇರೆ ಬೇರೆಯಾಗಿ ನೋಡುವ ಸಂಯಮ ನಮಗಿರಬೇಕು.

ಬಿಜಾಪುರದ ಹೊಲದಲ್ಲಿ ಸಂಜೆ ಅಟ್ಟದಿಂದಿಳಿದಾಗ ಅಪ್ಪ “ಎಷ್ಟು ಹಕ್ಕಿ ಹೊಡೆದಿ?” ಎಂದು ಕೇಳುತ್ತಿರಲಿಲ್ಲ. ಸಾಲಿನಲ್ಲಿ ನಡೆದು ತೆನೆ ಮುಟ್ಟಿ ನೋಡುತ್ತಿದ್ದರು. ನಮ್ಮಲ್ಲಿ ಅನೇಕರು ಇಂದು ದೇಶದ ನಾನಾ ಕಡೆ ಕಡತಗಳ ಮುಂದೆ ಕುಳಿತವರು. ‘ಶೂನ್ಯ’ ಎಂಬ ವರದಿ ಮುಂದೆ ಬಂದಾಗ ಹುದ್ದೆ ರದ್ದು ಮಾಡುವ ಮುನ್ನ ಒಮ್ಮೆ ತೆನೆ ಮುಟ್ಟಿ ನೋಡೋಣ.